ಸೂರಿಗೆ ಹೊದಿಸಿದ ಮುಖ

ಹಳೆಯ ಸರ್ಕಾರ ಬಿತ್ತು ಎಂಬ ಸುದ್ದಿ ಖಚಿತವಾಗುವ ಹೊತ್ತಿಗೆ ಮರೆಪ್ಪ ಏಣಿ ಹತ್ತಿ ತನ್ನ ಜೋಪಡಿಯ ಸೂರಿನ ಹಗ್ಗ ಬಿಚ್ಚುತ್ತಿದ್ದ. ಮುಂಬೈಯ ಸಯನ್ ಸ್ಟೇಷನ್ನಿನ ಆಚೆಯ ಆ ಓಣಿಯಲ್ಲಿ ಮಳೆಗಾಲಕ್ಕೆ ಮುಂಚೆ ಎಲ್ಲರೂ ಬಿದಿರಿನ ಗಳಗಳ ಮೇಲೆ ತಾಡಪತ್ರಿ ಹೊದಿಸುತ್ತಾರೆ. ಚುನಾವಣೆಯ ವರ್ಷ ಮಾತ್ರ ತಾಡಪತ್ರಿ ಕೊಳ್ಳುವ ಪೆದ್ದರು ಅಲ್ಲಿಲ್ಲ. ಪಕ್ಷಗಳ ಬ್ಯಾನರ್ ಇರುತ್ತದಲ್ಲ, ಗಟ್ಟಿ, ಮೇಲಾಗಿ ಪುಕ್ಕಟೆ. ಆದರೆ ಗೆಲ್ಲುವವರದ್ದೇ ಹೊದಿಸಬೇಕು. ಆ ಮುಖ ಕಂಡರೆ ಬುಲ್ಡೋಜರ್ ಜೋಪಡಿ ಮುಟ್ಟದೆ ಮುಂದೆ ಹೋಗುತ್ತದೆ ಎಂದು ಓಣಿಯವರ ನಂಬಿಕೆ.

ಮರೆಪ್ಪ ಬುದ್ಧಿವಂತ. ಮತ ಎಣಿಕೆಗೆ ಮೊದಲೇ, ಎಂದೂ ಸೋಲದ ಎಂಪಿ ಸಾಹೇಬರ ಬ್ಯಾನರ್ ತಂದು ಬಿಗಿದು ಕಟ್ಟಿದ್ದ. ಈಗ ಸಾಹೇಬರೂ ಸೋತಿದ್ದರು, ದಿಲ್ಲಿಯಲ್ಲಿ ಅವರ ಸರ್ಕಾರವೂ ಸೋತಿತ್ತು. ಗೆದ್ದವರ ಢೋಲು ಓಣಿಯ ತುದಿಯಲ್ಲೇ ಕೇಳುತ್ತಿತ್ತು.

"ಲಗೂ ಹೊಸಾದು ಕೊಡ. ಮೆರವಣಿಗಿ ಬಂತು" ಎಂದ ಮೇಲಿನಿಂದ.

ಹೆಂಡತಿ ಲಕ್ಷ್ಮವ್ವ ಕೆಳಗೆ ಹೊಸ ಬ್ಯಾನರ್ ಹರಡಿಕೊಂಡು ಸೆರಗಿನಿಂದ ಒರೆಸುತ್ತಿದ್ದಳು. ಗೆದ್ದ ಹೆಣ್ಣುಮಗಳ ಕೈಮುಗಿದ ಚಿತ್ರ. ಅದರ ಕೆಳಗೆ, ಇದ್ದ ಜಾಗದಲ್ಲೇ ಪಕ್ಕಾ ಮನೆ ಎಂಬ ಮಾತು. ಮತಯಂತ್ರದಲ್ಲಿ ಗಂಡ ಹೇಳಿದ ಗುರುತು ಬಿಟ್ಟು ತನಗೆ ಸರಿಕಂಡದ್ದನ್ನು ಲಕ್ಷ್ಮವ್ವ ಒತ್ತಿದ್ದು ಇದೇ ಮೊದಲು.

"ಖರೇ ಗೆದ್ದಾಳೇನ? ಮತ್ತ ಎಣಿಸಂಗಿಲ್ಲಲ?"

"ಖರೇ ಅಂದ್ರ ಖರೇ. ಗಾಳಿ ಬಂದಾಗ ತೂರ್ಕೋಬೇಕು, ಕೊಡ."

ಹೋದ ಮಳೆಗಾಲಕ್ಕೆ ಮುಂಚೆ ಬುಲ್ಡೋಜರ್ ಜೋಪಡಿ ಒಡೆದಾಗ ಪಾತ್ರೆಗಳನ್ನು ಮಡಿಲಲ್ಲಿಟ್ಟುಕೊಂಡು ರಸ್ತೆಯಲ್ಲಿ ಕೂತವಳು ಲಕ್ಷ್ಮವ್ವ. ಇವತ್ತು ಅವಳಿಗೆ ಖುಷಿಯಾಗಿತ್ತು. ಖುಷಿಯಾಗಿದ್ದಕ್ಕೇ ಸ್ವಲ್ಪ ಭಯವೂ ಆಗಿತ್ತು.

ಬ್ಯಾನರ್ ತಂದುಕೊಟ್ಟಿದ್ದ ಪಕ್ಕದ ಮನೆಯ ಸುಭಾಷ ಮೆರವಣಿಗೆ ಬಿಟ್ಟು ಓಡಿ ಬಂದ. ಹೊಸ ಪಕ್ಷಕ್ಕಾಗಿ ಬಿಸಿಲಲ್ಲಿ ತಿರುಗಿದ ಹುಡುಗ, ಮೈಯೆಲ್ಲ ಗುಲಾಲು. ಲಕ್ಷ್ಮವ್ವನನ್ನು ಮರಾಠಿಯವರಂತೆ ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುವವನು.

"ಕಾಕು, ಅಬ್ ಟೆನ್ಶನ್ ನಹೀ. ಪಕ್ಕಾ ಮನಿ ಆಗ್ತದ, ದೇಖನಾ."

"ನಿನ್ನ ಬಾಯಾಗ ಸಕ್ರಿ ಬೀಳ್ಲಿ, ತಮ್ಮಾ" ಎಂದು ಅವನ ಕೆನ್ನೆ ಸವರಿದಳು ಲಕ್ಷ್ಮವ್ವ. ಆಮೇಲೆ ಬ್ಯಾನರ್ ಎತ್ತಿ ಗಂಡನಿಗೆ ಕೊಟ್ಟಳು. "ಮಕ ಒಳಗ ಮಾಡಿ ಹಾಸು."

"ತಲಿ ಕೆಟ್ಟೈತೇನ? ಒಳಗಿದ್ರ ಬುಲ್ಡೋಜರ್‌ನವ್ರಿಗೆ ಹ್ಯಾಂಗ ಕಾಣ್ತತಿ?"

"ಹೋದ ವರ್ಷ ಸಾಹೇಬ್ರ ಹಳೇ ಬ್ಯಾನರಿನ ಮಕ ಹೊರಗ ಇತ್ತಲ್ಲ. ನಿಂತಿತೇನ ಬುಲ್ಡೋಜರು?"

ಮರೆಪ್ಪ ಬ್ಯಾನರ್ ಮಗುಚಿ ಹಿಡಿದ. ಸುಭಾಷನೂ ಏಣಿ ಹತ್ತಿ ಇನ್ನೊಂದು ಅಂಚು ಹಿಡಿದ. ಇಬ್ಬರೂ ಸೇರಿ ಮುಖ ಒಳಗೆ ಮಾಡಿ ಬಿಗಿಯುವಷ್ಟರಲ್ಲಿ ವರ್ಷದ ಮೊದಲ ಹನಿಗಳು ಪಟಪಟನೆ ಬಿದ್ದವು. ಮೂವರೂ ಒಳಗೆ ನುಗ್ಗಿದರು. ಒಲೆಯ ನೇರ ಮೇಲೆ ಬ್ಯಾನರಿನ ಹೆಣ್ಣುಮಗಳು ಕೈಮುಗಿದು ನಗುತ್ತಿದ್ದಳು. ಒಂದು ಹನಿಯೂ ಸೋರಲಿಲ್ಲ.

ಲಕ್ಷ್ಮವ್ವ ಸುಭಾಷನ ಅಂಗಿಯಿಂದ ಚಿಟಿಕೆ ಗುಲಾಲು ತೆಗೆದು, ಡಬ್ಬದ ಮೇಲೆ ನಿಂತು, ಆ ಹಣೆಗೆ ಹಚ್ಚಿದಳು. ಇಳಿದು ಬಂದು ಚಹಾಕ್ಕೆ ಒಲೆ ಹೊತ್ತಿಸಿದಳು. ಹೊಗೆ ಮೆಲ್ಲಗೆ ಮೇಲೇರಿತು.

"ಹೊರಗಿದ್ರ ಮುಗಲ ನೋಡ್ಕೋತ ಇರ್ತಿದ್ಲು" ಎಂದಳು ಲಕ್ಷ್ಮವ್ವ. "ಇಲ್ಲೇ ಇರ್ಲಿ. ಐದು ವರ್ಷ ನಮ್ಮ ಒಲಿ ಹೊಗಿ ಕುಡದ ಮ್ಯಾಲೂ ಹಿಂಗ ನಗ್ತಾಳೇನು, ನೋಡೂಣು."