ಕೊಲೆಸ್ಟ್ರಾಲ್ ಇಲ್ಲದ ಕ್ರೀಮು

ಯುಗಾದಿಗೆಂದು ಕನ್ನಡ ಕೂಟದವರು ಬಾಡಿಗೆಗೆ ಹಿಡಿದಿದ್ದ ಹೈಸ್ಕೂಲಿನ ಬಾಗಿಲು ದಾಟಿ, ಕೋಟು ಬಿಚ್ಚುವ ಮೊದಲೇ ಲಾವಣ್ಯಳ ಕಣ್ಣಿಗೆ ಬಿದ್ದದ್ದು ತನ್ನದೇ ಮುಖ. ಕೆಲಸಕ್ಕೆ ಸೇರಿದ ದಿನ ಐಡಿ ಕಾರ್ಡಿಗೆಂದು ತೆಗೆದಿದ್ದ ಫೋಟೋ ಈಗ ಆಳೆತ್ತರದ ಬ್ಯಾನರಿನಲ್ಲಿ ನಗುತ್ತಿತ್ತು. ಪಕ್ಕದಲ್ಲಿ ದಪ್ಪಕ್ಷರ: 'ನಮ್ಮ ಡಾಕ್ಟರ್ ಲಾವಣ್ಯ ಸಿದ್ಧಪಡಿಸಿದ ಬೇಬಿ ಕ್ರೀಮ್. ಸೆರಮೈಡ್ ಇದೆ, ಕೊಲೆಸ್ಟ್ರಾಲ್ ಇಲ್ಲ!'

ಇಲ್ಲವಂತೆ! ಅವಳ ಮೈಯೆಲ್ಲ ಉರಿದುಹೋಯಿತು. ಸ್ಟಾಲಿನ ಹಿಂದೆ ರೇಷ್ಮೆ ಜುಬ್ಬಾ ತೊಟ್ಟು ಟ್ಯೂಬು ಜೋಡಿಸುತ್ತಿದ್ದ ಶ್ಯಾಮ್ ಅಂಕಲ್ ಎದುರು ಹೋಗಿ ನಿಂತಳು. ಓಕ್ ಬ್ರೂಕ್ ಎಂಬ ಊರಿನ ಪುಟ್ಟ ಕಂಪನಿಯೊಂದರ ಯಜಮಾನರು ಅವರು. ಅವರ ಲ್ಯಾಬಿನಲ್ಲಿ ಕ್ರೀಮು ತಯಾರಿಸುವವಳು ಇವಳು.

"ಏನಿದು ಅಂಕಲ್? ಕೊಲೆಸ್ಟ್ರಾಲ್ ತೆಗೆದ್ರಾ? ನನ್ನನ್ನ ಒಂದ್ ಮಾತು ಕೇಳ್ದೆ?"

"ಕೂಗ್ಬೇಡಮ್ಮ, ಹಬ್ಬದ ದಿನ. ಎಷ್ಟು ಇಮೇಲ್ ಬಂತು ಗೊತ್ತಾ? ಮಗು ಮೈಗೆ ಕೊಲೆಸ್ಟ್ರಾಲ್ ಹಚ್ಚಿಸ್ತೀರಾ ಅಂತ. ಇಲ್ಲಿರೋ ಅರ್ಧ ಜನ ಅದಕ್ಕೇ ಮಾತ್ರೆ ನುಂಗೋರು. ನಾನೂ ನುಂಗ್ತೀನಿ. ಆ ಹೆಸರು ನೋಡಿದ್ರೆ ಯಾರು ತಗೋತಾರೆ? ನೀನು ರಜಾ ಹಾಕಿ ಊರಿಗೆ ಹೋಗಿದ್ದಾಗ ತೆಗೆಸಿಬಿಟ್ಟೆ."

"ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ್ರಲ್ಲ ಅಂಕಲ್! ರಕ್ತದಲ್ಲಿ ಜಾಸ್ತಿ ಆಗೋದು ಬೇರೆ, ಚರ್ಮದಲ್ಲಿ ಇರೋದು ಬೇರೆ. ಸೆರಮೈಡೂ ಚರ್ಮದ ಕೊಬ್ಬೇ, ಅದೊಂದೇ ಇದ್ರೆ ಮೇಣದ ಥರ ಬಿಗಿದುಕೊಳ್ಳುತ್ತೆ. ಮಧ್ಯೆ ಕೊಲೆಸ್ಟ್ರಾಲ್ ಸೇರ್ಕೊಂಡ್ರೇ ಅದು ಬಾಗೋದು, ಬಿರುಕು ಮುಚ್ಚೋದು. ಒಂದನ್ನ ಕಿತ್ತು ಇನ್ನೊಂದನ್ನ ಮಾತ್ರ ಹಚ್ಚಿದ್ರೆ, ಒಡೆದ ಚರ್ಮ ಕೂಡೋದು ಇನ್ನೂ ತಡ ಆಗುತ್ತೆ."

ಡೆಟ್ರಾಯಿಟ್‌ನಲ್ಲಿ ಪಿಎಚ್‌ಡಿ ಮಾಡುವಾಗ ಅವಳು ಕಣ್ಣು ಕೆಂಪಗಾಗುವ ತನಕ ನೋಡಿದ್ದು ಈ ಎರಡು ಕೊಬ್ಬುಗಳ ಸಂಸಾರವನ್ನೇ. ಜೀವಕೋಶದ ಪೊರೆಯಲ್ಲಿ ಎರಡೂ ಒಂದೇ ಜಾಗಕ್ಕೆ ಕಿತ್ತಾಡುತ್ತವೆ. ಸೆರಮೈಡ್ ಹೆಚ್ಚಾದರೆ ಕೊಲೆಸ್ಟ್ರಾಲನ್ನು ಆಚೆಗೆ ದಬ್ಬುತ್ತದೆ. ಚರ್ಮದ ಮೇಲ್ಪದರಕ್ಕೆ ಬಂದವೋ, ಒಂದನ್ನು ಬಿಟ್ಟು ಇನ್ನೊಂದು ಬಾಳದು. ಯಾವುದು ಎಷ್ಟಿರಬೇಕೆಂದು ಹದ ಹಿಡಿಯುವಷ್ಟರಲ್ಲಿ ಅವಳಿಗೆ ಸಾಕುಸಾಕಾಗಿತ್ತು. ಈ ಮಹಾನುಭಾವರು ಕೊಲೆಸ್ಟ್ರಾಲನ್ನು ಸಾರಿನೊಳಗಿನ ಕರಿಬೇವಿನ ಹಾಗೆ ಎತ್ತಿ ಆಚೆಗೆ ಹಾಕಿದ್ದರು. ಹಾಕಲಿ, ಅವರ ಕಂಪನಿ. ಅದರ ಮೇಲೆ ಇವಳ ಮುಖ ಯಾಕೆ?

"ಬ್ಯಾನರ್ ತೆಗೀರಿ ಅಂಕಲ್."

"ತೆಗೆಯಲ್ಲ." ಶ್ಯಾಮ್ ಅಂಕಲ್ ನಗುನಗುತ್ತಲೇ ದನಿ ತಗ್ಗಿಸಿದರು. "ನಿನ್ನ ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡಿರೋದು ನಾನು, ಮರೀಬೇಡ. ವಾಪಸ್ ತಗೊಳ್ಳೋದು ಒಂದು ನಿಮಿಷದ ಕೆಲಸ. ಯಾರಾದ್ರೂ ಕೇಳಿದ್ರೆ ಚೆನ್ನಾಗಿದೆ ಅನ್ನು, ಸಾಕು. ನಿನ್ನನ್ನೇನು ಸುಳ್ಳು ಹೇಳು ಅಂತಿಲ್ವಲ್ಲ."

ಸುಳ್ಳು ಹೇಳಬೇಕಿಲ್ಲವಂತೆ, ಚೆನ್ನಾಗಿದೆ ಅನ್ನಬೇಕಂತೆ! ಹಬ್ಬಕ್ಕೆ ತಪ್ಪದೆ ಬಾ ಎಂದು ಒತ್ತಾಯ ಮಾಡಿದ್ದು ಇಲ್ಲಿ ಕೋಲೆ ಬಸವನ ಹಾಗೆ ತಲೆಯಾಡಿಸಲಿಕ್ಕೆ ಎಂದು ಅವಳಿಗೆ ಆಗ ಅರ್ಥವಾಯಿತು. ತಿರುಗಿ ಉತ್ತರ ಕೊಡಬೇಕು, ಅಷ್ಟರಲ್ಲಿ ಮಗುವನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಬ್ಯಾನರನ್ನೊಮ್ಮೆ, ಲಾವಣ್ಯಳನ್ನೊಮ್ಮೆ ನೋಡಿ ಹತ್ತಿರ ಬಂದಳು.

"ನೀವ ಅಲ್ರಿ ಲಾವಣ್ಯ ಮೇಡಂ? ನಾ ಮೇಧಾ ಅಂತ್ರಿ. ನಾರ್ತ್‌ವಿಲ್‌ನಿಂದ ಡ್ರೈವ್ ಮಾಡ್ಕೊಂಡ್ ಬಂದೇವ್ರಿ, ನಿಮ್ಮ ಕ್ರೀಮ್ ಸಲುವಾಗಿ." ಮಗುವಿನ ತೋಳು ಮೇಲಕ್ಕೆ ಸರಿಸಿದಳು. ಮೊಣಕೈ ಮಡಿಕೆಯಲ್ಲಿ ಚರ್ಮ ಕೆಂಪಗೆ ಒಡೆದು ನೀರು ಜಿನುಗುತ್ತಿತ್ತು. "ಹಿಂದಿನ ಕ್ರೀಮಿಗೆ ಮೈ ಎಷ್ಟ್ ಹಸನಾಗಿತ್ರಿ! ಆದ್ರ ಕೊಲೆಸ್ಟ್ರಾಲ್ ಅಂತ ಬರ್ದಿದ್ದು ನೋಡಿ ನಮ್ಮ ಅತ್ತಿ ಹೌಹಾರಿದ್ರು. ಮಾವನೋರಿಗೆ ಬೈಪಾಸ್ ಆಗೇತ್ರಿ. ಹಚ್ಚೂದು ಬಿಟ್ಟ್ವಿ, ಮತ್ತ ಹಿಂಗಾತು. ಈಗ ತಗದೀರಂತ, ಪುಣ್ಯಾ ಕಟ್ಕೊಂಡ್ರಿ ನೋಡ್ರಿ."

ಕೆರೆದುಕೊಳ್ಳದಿರಲೆಂದು ಮಗುವಿನ ಎರಡೂ ಕೈಗೆ ಕಾಲುಚೀಲ ತೊಡಿಸಿದ್ದರು. ಅದು ಆ ಚೀಲದಿಂದಲೇ ಮೊಣಕೈಯನ್ನು ತಿಕ್ಕಿ ತಿಕ್ಕಿ ಅಳುತ್ತಿತ್ತು. ಕೊಟ್ಟ ಮದ್ದು ಹಿಡಿದಿತ್ತು, ಒಂದು ಹೆಸರಿಗೆ ಹೆದರಿ ಬಿಸಾಡಿದ್ದರು! ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ಲಾವಣ್ಯಳಿಗೆ ತಿಳಿಯಲಿಲ್ಲ.

"ಇಲ್ಲೇ ಚೂರು ಹಚ್ಚಿ ನೋಡಮ್ಮ," ಎಂದು ಶ್ಯಾಮ್ ಅಂಕಲ್ ಟ್ಯೂಬಿನ ಮುಚ್ಚಳ ತಿರುಗಿಸಿ, ಮೇಧಾಳ ಬೆರಳಿಗೆ ಒಂದಿಷ್ಟು ಹಿಂಡಿದರು. "ತುಂಬಾ ಚೆನ್ನಾಗಿದೆ. ಅಲ್ವೇನಮ್ಮ ಡಾಕ್ಟರೇ?"

ಮೇಧಾ ಬೆರಳನ್ನು ಮಗುವಿನ ಮೊಣಕೈ ಹತ್ತಿರ ಒಯ್ದು, ತಡೆದು, ಲಾವಣ್ಯಳ ಮುಖ ನೋಡಿದಳು. "ಹಚ್ಚಲೇನ್ರಿ ಮೇಡಂ?"

ಗ್ರೀನ್ ಕಾರ್ಡು, ಬಾಡಿಗೆ ಮನೆ, ಇಷ್ಟು ವರ್ಷ ಹಲ್ಲು ಕಚ್ಚಿಕೊಂಡು ಕಾದದ್ದು, ಎಲ್ಲ ಲಾವಣ್ಯಳ ಕಣ್ಣ ಮುಂದೆ ಬಂತು. ಹಾಳಾಗಿ ಹೋಗಲಿ ಅಂದುಕೊಂಡಳು.

"ಬೇಡ! ಹಚ್ಚಬೇಡಿ. ಇದು ನಾನು ಮಾಡಿದ ಕ್ರೀಮಲ್ಲ."

ದನಿ ಅವಳೆಣಿಸಿದ್ದಕ್ಕಿಂತ ಜೋರಾಗಿಯೇ ಬಂದಿತ್ತು. ಪಕ್ಕದ ಸೀರೆ ಸ್ಟಾಲಿನವರೆಲ್ಲ ತಿರುಗಿ ನೋಡಿದರು. ಶ್ಯಾಮ್ ಅಂಕಲ್ ಮುಖದಲ್ಲಿ ರಕ್ತವೇ ಇರಲಿಲ್ಲ.

ಮೇಧಾ ಗಾಬರಿಬಿದ್ದು ಬೆರಳನ್ನು ಮೇಜಿನ ಬಟ್ಟೆಗೆ ಒರೆಸಿಕೊಂಡಳು, ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡಳು. ಆಮೇಲೆ ಮಗುವನ್ನು ಎದೆಗವಚಿಕೊಂಡು ಲಾವಣ್ಯಳ ಕಿವಿಯ ಹತ್ತಿರ ಬಂದು ಕೇಳಿದಳು:

"ಅಯ್ಯ ಶಿವನ! ಇಲ್ಲ ಅಂತ ಬರದೂ ಒಳಗ ಇನ್ನೂ ಕೊಲೆಸ್ಟ್ರಾಲ್ ಇಟ್ಟಾರೇನ್ರಿ?"