ಅರ್ಧ ಸುತ್ತು

ಮೂರನೇ ಸಲವೂ ಆಮೆ ಟಬ್ಬಿನ ಅಂಚಿಗೆ ಮುಂಗಾಲು ಕೊಟ್ಟು ಮೇಲೆದ್ದಿತು, ಆಯ ತಪ್ಪಿ ಹಿಂದಕ್ಕೆ ಬಿತ್ತು, ಬಿದ್ದ ರಭಸಕ್ಕೆ ಪ್ಲಂಬರನ ಅಂಗಿಯನ್ನೆಲ್ಲ ತೋಯಿಸಿತು. ಎತ್ತಿಕೊಂಡರೆ ಎತ್ತಿದ ಕೈ ಮೇಲೇ ಉಚ್ಚೆ ಹೊಯ್ದು, ತಲೆ ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡಿತು.

“ಊರಿನ ನೀರೆಲ್ಲ ನಿಮ್ಮ ಮಾತು ಕೇಳುತ್ತೆ. ಈ ಅಂಗೈ ಅಗಲದ ಪ್ರಾಣಿ ಕೇಳಲ್ವಲ್ಲ,” ಎಂದಳು ಹೆಂಡತಿ, ಹೊಲಿಗೆ ಮಷೀನಿನಿಂದ ತಲೆ ಎತ್ತದೆ. “ವಾಪಸ್ ಕೊಟ್ಟುಬಿಡಿ ಅಂತ ಅವತ್ತೇ ಅಂದೆ.”

ಆಮೆಯನ್ನು ಕೊಟ್ಟವರು ಕೆಲಸದಿಂದ ನಿವೃತ್ತರಾದ ಒಬ್ಬ ನರ್ಸಮ್ಮ. ಅವರು ಹೋಗಲಿದ್ದ ಹೊಸ ಬಾಡಿಗೆ ಮನೆಯಲ್ಲಿ ಪ್ರಾಣಿ ಸಾಕುವಂತಿರಲಿಲ್ಲ. ಎಂಟು ವರ್ಷದಿಂದ ಅವರ ಮನೆಯ ನಲ್ಲಿ ರಿಪೇರಿ ಮಾಡುತ್ತಿದ್ದ ಪ್ಲಂಬರನಿಗೆ ಆಮೆ ಹಳೆಯ ಪರಿಚಯ. ಸಾಮಾನಿನ ಚೀಲದ ಪಕ್ಕ ಕೂತು, ‘ಇನ್ನೂ ಎಷ್ಟು ಹೊತ್ತು’ ಎಂದು ಒಂದು ಸಲವೂ ಕೇಳದೆ ಅವನ ಕೆಲಸ ನೋಡುತ್ತಿದ್ದ ಜೀವ ಅದೊಂದೇ. ತಾನೇ ಬಾಯಿಬಿಟ್ಟು ಕೇಳಿ ಮನೆಗೆ ತಂದಿದ್ದ. ನರ್ಸಮ್ಮ ಔಷಧಿ ಚೀಟಿಯ ಹಾಗೆ ಬರೆದುಕೊಟ್ಟಿದ್ದರು: ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರು, ಗದ್ದ ಮುಳುಗದಷ್ಟು ಮಾತ್ರ, ಕಾಲು ಗಂಟೆ. ಬಾಯಲ್ಲಿ ಹೇಳಿದ್ದು ಇನ್ನೂ ಖಡಕ್ಕಾಗಿತ್ತು. “ನೀರಲ್ಲಿ ಕೂತ್ರೇನೇ ಅವನು ನೀರು ಕುಡಿಯೋದು. ಭಾನುವಾರ ಬಂದು ನೋಡ್ತೀನಿ. ಕೂರದಿದ್ರೆ ತಪ್ಪು ತಿಳ್ಕೋಬೇಡಪ್ಪ, ನನ್ನ ತಂಗಿ ಮನೆಗೆ ಕಳಿಸಿಬಿಡ್ತೀನಿ.”

ಪ್ಲಂಬರ್ ಸುಲಭಕ್ಕೆ ಸೋಲೊಪ್ಪುವ ಆಳಲ್ಲ. ನೀಲಿ ಟಬ್ಬು ಹೋಗಿ ಬಿಳಿ ಬೇಸಿನ್ ಬಂತು. ಅದರ ತಳಕ್ಕೆ ಒರಟು ಬಟ್ಟೆ ಹಾಸಿದ. ದಪ್ಪ ಪೈಪೊಂದನ್ನು ಉದ್ದಕ್ಕೆ ಸೀಳಿ, ನೀರಿಗಿಳಿಯಲು ಇಳಿಜಾರು ಮಾಡಿಕೊಟ್ಟ. ಸಾಹೇಬರು, ಅದು ಆಮೆಗೆ ಹೆಂಡತಿ ಇಟ್ಟ ಹೆಸರು, ಆ ಇಳಿಜಾರನ್ನು ಹತ್ತಿ ಹೊರಗೆ ಬರಲು ಬಳಸಿಕೊಂಡರು.

ಶುಕ್ರವಾರ ಮಧ್ಯಾಹ್ನ ಹೆಂಡತಿ ಅಡುಗೆಮನೆಯಿಂದ ಪಿಸುದನಿಯಲ್ಲಿ ಕರೆದಳು. “ರೀ, ಸದ್ದು ಮಾಡದೆ ಬನ್ನಿ. ಸಾಹೇಬ್ರು ಸ್ನಾನಕ್ಕೆ ಇಳಿದಿದ್ದಾರೆ.”

ಸಿಂಕಿನ ಕೆಳಗೆ, ಗೀಸರಿನಿಂದ ಬರುವ ಬಿಸಿನೀರಿನ ಪೈಪಿನ ನಟ್ಟು ತೊಟ್ಟಿಕ್ಕುತ್ತಿತ್ತು. ಅದರಡಿಯ ಟೈಲ್ಸು ಕುಸಿದು ತಟ್ಟೆಯಂತೆ ತಗ್ಗಾಗಿತ್ತು. ತಗ್ಗಿನಲ್ಲಿ ಎರಡು ಬೆರಳು ನೀರು. ನೀರಿನಲ್ಲಿ ಸಾಹೇಬರು ಕತ್ತು ಚಾಚಿ, ಕಣ್ಣು ಅರ್ಧ ಮುಚ್ಚಿ, ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. ಪ್ಲಂಬರ್ ಬೆರಳದ್ದಿ ನೋಡಿದ. ಉಗುರುಬೆಚ್ಚಗಿತ್ತು. ಗದ್ದವೂ ಮುಳುಗಿರಲಿಲ್ಲ.

“ಯಾರೂ ಎತ್ತಿ ತರಲಿಲ್ಲ, ತಾವೇ ನಡ್ಕೊಂಡು ಬಂದ್ರು,” ಎಂದಳು ಹೆಂಡತಿ. “ಹದಿನಾಲ್ಕು ತಿಂಗಳಿಂದ ಈ ನಟ್ಟು ಬಿಗಿ ಮಾಡಿ ಅಂತ ಬಾಯಿ ಬಡ್ಕೊಂಡೆ. ಬೀದಿಯವರ ನಲ್ಲಿಗೆಲ್ಲ ಓಡ್ತೀರಿ, ಮನೇದು ಕಣ್ಣಿಗೆ ಬೀಳಲ್ಲ. ನಿಮ್ಮ ಸೋಮಾರಿತನಕ್ಕೂ ಒಬ್ಬ ಗಿರಾಕಿ ಸಿಕ್ಕಿದ್ರು ನೋಡಿ!” ಬೈದಳೇ ಹೊರತು ಎದ್ದು ಹೋಗಲಿಲ್ಲ. ಸೌತೆಕಾಯಿಯನ್ನು ತೆಳ್ಳಗೆ ಹೆಚ್ಚಿ ಸಾಹೇಬರ ಮೂಗಿನ ಮುಂದಿಟ್ಟು, ಕಾಲು ಗಂಟೆ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಶನಿವಾರವೂ ಕೂತಳು. ಮಷೀನಿನ ಮೇಲೆ ಯಾರದೋ ಕುಪ್ಪಸ ಒಂದೇ ತೋಳಿನಲ್ಲಿ ಕಾಯುತ್ತಿತ್ತು.

ಭಾನುವಾರ ಬೆಳಿಗ್ಗೆ ಪ್ಲಂಬರನ ತಲೆಗೆ ಬೇರೆ ಹುಳ ಹೊಕ್ಕಿತು. ಎಂಟು ವರ್ಷ ತನ್ನ ಕೈಯಲ್ಲಿ ರಿಪೇರಿ ಮಾಡಿಸಿದ ಹೆಂಗಸು ತನ್ನದೇ ಸಿಂಕಿನ ಕೆಳಗೆ ಬಗ್ಗಿ ನೋಡಿದರೆ ಮರ್ಯಾದೆ ಏನಾದೀತು? ಹೆಂಡತಿ ತರಕಾರಿಗೆ ಹೋದದ್ದೇ ತಡ, ಸ್ಪ್ಯಾನರ್ ಹಿಡಿದು ನಟ್ಟನ್ನು ಅರ್ಧ ಸುತ್ತು ಬಿಗಿದ. ಹನಿ ನಿಂತಿತು. ಹದಿನಾಲ್ಕು ತಿಂಗಳ ಕೆಲಸಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ತಗ್ಗನ್ನು ಒರೆಸಿ ಒಣಗಿಸಿದ. ಹೇಗೂ ನೀರಿನ ರುಚಿ ಹತ್ತಿದೆ, ಇನ್ನು ಬೇಸಿನ್ನಿನಲ್ಲೂ ಕೂರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಹೆಂಡತಿ ತರಕಾರಿ ತಂದ ಹಿಂದೆಯೇ ನರ್ಸಮ್ಮ ಬಂದರು. ಅವರ ಕಣ್ಣೆದುರಿಗೇ ಸಾಹೇಬರು ಇಳಿಜಾರು ಹತ್ತಿ ಬೇಸಿನ್ನಿನಿಂದ ಹೊರಬಿದ್ದು, ನೆಟ್ಟಗೆ ಅಡುಗೆಮನೆಗೆ ನಡೆದರು. ಮೂವರೂ ಮೆರವಣಿಗೆಯಂತೆ ಹಿಂದೆ ಹೋದರು. ಸಾಹೇಬರು ಒಣ ತಗ್ಗಿನಲ್ಲಿ ಕೂತು, ಕತ್ತು ಎಷ್ಟುದ್ದ ಬರುತ್ತದೋ ಅಷ್ಟೂ ಚಾಚಿ, ಮೇಲಕ್ಕೆ ನೋಡಿದರು.

“ಏನಪ್ಪ ನೋಡ್ತಿದಾನೆ?” ಎಂದರು ನರ್ಸಮ್ಮ.

“ಏನಿಲ್ಲಮ್ಮ, ಗಾಳಿಗೆ ಕೂತಿದೆ.”

“ಸಿಂಕಿನ ಕೆಳಗೆ ಎಲ್ಲಿಂದ ಬಂತು ಗಾಳಿ?” ನರ್ಸಮ್ಮ ನಿಟ್ಟುಸಿರು ಬಿಟ್ಟು ಕೈಚೀಲದಿಂದ ಟವೆಲ್ ತೆಗೆದರು. “ಇನ್ನೂ ಹೊಂದಿಕೊಂಡಿಲ್ಲ ಬಿಡು. ಕರ್ಕೊಂಡು ಹೋಗ್ತೀನಿ.”

ಪ್ಲಂಬರ್ ಇಕ್ಕಟ್ಟಿಗೆ ಸಿಕ್ಕಿದ. ನಿಜ ಹೇಳಿದರೆ ಕಸುಬಿನ ಮಾನ ಹೋಗುತ್ತದೆ, ಹೇಳದಿದ್ದರೆ ಆಮೆ ಹೋಗುತ್ತದೆ. ಹೆಂಡತಿ ಒಮ್ಮೆ ನಟ್ಟಿನ ಕಡೆ ನೋಡಿದಳು, ಒಮ್ಮೆ ಗಂಡನ ಮುಖ ನೋಡಿದಳು. ಆಮೇಲೆ ಅವನ ಚೀಲಕ್ಕೆ ಕೈಹಾಕಿ ಸ್ಪ್ಯಾನರ್ ತೆಗೆದು, ಸಿಂಕಿನ ಕೆಳಗೆ ತೂರಿ, ಅರ್ಧ ಸುತ್ತು ಸಡಿಲಿಸಿದಳು.

ಟಪ್. ಮೊದಲ ಹನಿ ಚಿಪ್ಪಿನ ಮೇಲೆ ಬಿತ್ತು, ಎರಡನೆಯದು ಮೂಗಿನ ಮೇಲೆ. ಸಾಹೇಬರು ನಾಲ್ಕೂ ಕಾಲು ಚೆಲ್ಲಿ ತಗ್ಗಿನಲ್ಲಿ ಒರಗಿಕೊಂಡರು.

ನರ್ಸಮ್ಮ ಬಗ್ಗಿ ನಟ್ಟು ನೋಡಿದರು, ಎದ್ದು ಪ್ಲಂಬರನನ್ನು ನೋಡಿದರು. “ಇದು ಯಾವಾಗಿಂದ ಸೋರ್ತಿದೆ?”

ಪ್ಲಂಬರ್ ಗೋಡೆ ನೋಡತೊಡಗಿದ.

“ಹದಿನಾಲ್ಕು ತಿಂಗಳು!” ಎಂದಳು ಹೆಂಡತಿ, ಹೆಮ್ಮೆಯಿಂದ.

ನರ್ಸಮ್ಮ ನಗು ತಡೆದುಕೊಂಡು ಟವೆಲ್ಲನ್ನು ಮಡಿಸಿ ಮತ್ತೆ ಚೀಲಕ್ಕೆ ಹಾಕಿಕೊಂಡರು.

ಅವರು ಹೋದ ಮೇಲೆ ಪ್ಲಂಬರ್ ಸ್ಪ್ಯಾನರಿಗಾಗಿ ಮನೆಯೆಲ್ಲ ಹುಡುಕಿದ. ಅದು ಹೊಲಿಗೆ ಮಷೀನಿನ ಡ್ರಾಯರಿನಲ್ಲಿತ್ತು. ಡ್ರಾಯರಿಗೆ ಬೀಗ ಬಿದ್ದಿತ್ತು.

“ಹದಿನಾಲ್ಕು ತಿಂಗಳು ಕೈಕಾಲು ಹಿಡಿದೆ, ಮುಟ್ಟಲಿಲ್ಲ,” ಎಂದಳು ಹೆಂಡತಿ, ದಾರ ಪೋಣಿಸುತ್ತ. “ಇನ್ನು ಆ ನಟ್ಟಿಗೆ ಕೈ ಹಾಕಿ, ನೋಡೋಣ.”