ಲೊರೇನ್ ಬಗ್ಗಿಸಿದ ಮಂಡಿ

"ಇನ್ನೊಂಚೂರು ಬಗ್ಗಿ ಮೇಡಂ," ಅಂದ ಫೋಟೋದವನು. ಓಹಾಯೋದ ಗವರ್ನರ್ ಲೊರೇನ್ ಆಗ್ಲೇ ಹೀಲ್ಸ್ ಬಿಚ್ಚಿ ಬರಿಗಾಲಲ್ಲಿ ನಿಂತಿದ್ಳು. ಆದ್ರೂ ಅಮೆರಿಕದ ಅಧ್ಯಕ್ಷಗಿರಿ ಚುನಾವಣೆಗೆ ನಿಂತಿದ್ದ ವಿಟ್ಕಂಬ್ ಸಾಹೇಬ ಅವಳ ಕಿವಿ ಮಟ್ಟಕ್ಕೇ ಬರ್ತಿದ್ದ. ಅವನ ಜೊತೆ ಉಪಾಧ್ಯಕ್ಷೆಯಾಗಿ ನಿಲ್ಲಿಸೋಕೆ ಪಕ್ಷದ ವಕೀಲರು ಅವಳ ತೆರಿಗೆ, ಮದುವೆ, ಕಾಲೇಜಲ್ಲಿ ಕುಡಿದ ಬಿಯರು ಎಲ್ಲಾ ಜಾಲಾಡಿ ಸೈ ಅಂದಿದ್ರು. ಅಡ್ಡ ಬಂದಿದ್ದು ಈ ಎತ್ತರ ಒಂದೇ.

ಲೊರೇನ್ ಉದ್ದ ಸ್ಕರ್ಟಿನೊಳಗೇ ಮಂಡಿ ಬಗ್ಗಿಸಿದ್ಳು.

"ಹಾಂ, ಈಗ ನೋಡು ಜೋಡಿ!" ಸಾಹೇಬ ಅವಳ ಕೈ ಹಿಡಿದು ಮೇಲೆತ್ತಿದ. "ನಾಲ್ಕು ವರ್ಷ ಹಿಂಗೇ ಇರ್ತೀಯಲ್ಲಮ್ಮ?"

"ಎಂಟಾದ್ರೂ ಇರ್ತೀನಿ ಸಾರ್," ಅಂತ ನಕ್ಕಳು.

ಅವರೆಲ್ಲ ಹೋದ್ಮೇಲೆ ಅವಳಷ್ಟೇ ಎತ್ತರದ ಗಂಡ ಹೀಲ್ಸ್ ತಂದಿಟ್ಟ. "ಸಾಕು ಮಾರಾಯ್ತಿ, ಇನ್ನಾದ್ರೂ ನೆಟ್ಟಗೆ ನಿಂತ್ಕೋ."

"ನೆಟ್ಟಗೇ ನಿಂತಿದೀನಲ್ಲ!" ಅಂದ್ಳು ಲೊರೇನ್, ಅವನ ಎದೆ ಮಟ್ಟದಿಂದ ಕತ್ತೆತ್ತಿ.